ಸಂಪ್ರದಾಯವಾದಿಗಳು ಒಪ್ಪುವುದೆಲ್ಲಿ, ಒಡೆಯುವುದೆಲ್ಲಿ?

ಕಡತ_ಓದು (ಪ್ರಶ್ನೆ)

ರಾಜಕೀಯ ಚಿಂತನೆಯ ತರಗತಿಗೆ ಕನ್ಸರ್ವೇಟಿಸಂ (ಸಂಪ್ರದಾಯವಾದ) ಬಗ್ಗೆ ಒಂದು ಗಂಟೆಯ ಪಾಠ ಸಿದ್ಧವಾಗಬೇಕು. ಬ್ರಿಟನ್‌ನ ಬರ್ಕ್ ಮತ್ತು ಓಕ್‌ಷಾಟ್, ಅರ್ಥಶಾಸ್ತ್ರಜ್ಞ ಹಯೆಕ್, ಅಮೆರಿಕದ ರಸೆಲ್ ಕರ್ಕ್ ಮತ್ತು ಇರ್ವಿಂಗ್ ಕ್ರಿಸ್ಟಲ್, ಈ ಚಿಂತಕರೆಲ್ಲರನ್ನೂ ಪಠ್ಯಗಳು ಒಂದೇ ಸಾಲಿನಲ್ಲಿ ಕೂರಿಸುತ್ತವೆ. ಆದರೆ ಮಾರುಕಟ್ಟೆಯನ್ನು ಅದರ ಪಾಡಿಗೆ ಬಿಡಿ ಅಂತ ಒಬ್ಬರು ಹೇಳಿದರೆ, ಕುಟುಂಬವನ್ನೂ ಊರನ್ನೂ ಒಡೆದದ್ದೇ ಮಾರುಕಟ್ಟೆ ಅಂತ ಇನ್ನೊಬ್ಬರು ಹೇಳುತ್ತಾರೆ. ಯುದ್ಧದ ವಿಷಯದಲ್ಲೂ ಇದೇ ಕಥೆ.

ನನ್ನ ಪ್ರಶ್ನೆ ಎರಡು. ಇವರೆಲ್ಲ ನಿಜವಾಗಿ ಒಪ್ಪುವಂಥದ್ದು ಏನಾದರೂ ಇದೆಯೇ, ಅಥವಾ ಎಡಪಂಥದ ವಿರೋಧವೊಂದೇ ನಂಟೇ? ಬಿರುಕನ್ನು ವಿದ್ಯಾರ್ಥಿಗಳ ಕಣ್ಣಿಗೆ ಕಟ್ಟುವಂತೆ ತೋರಿಸಲು ಒಂದು ಗಟ್ಟಿ ಉದಾಹರಣೆ ಯಾವುದು?

ಅಡಿಟಿಪ್ಪಣಿ

ಮೊದಲು ಪದದ ವಿಷಯ ಬಿಡಿಸಿಕೊಳ್ಳಿ. ಸಂಪ್ರದಾಯಸ್ಥ ಬೇರೆ, ಸಂಪ್ರದಾಯವಾದಿ ಬೇರೆ. ಮೊದಲನೆಯವರು ಆಚಾರ ಪಾಲಿಸುವವರು. ಎರಡನೆಯವರು ಹಳೆಯ ಸಂಸ್ಥೆಗಳನ್ನು ಏಕೆ ಸಲೀಸಾಗಿ ಕೆಡವಬಾರದು ಅಂತ ವಾದ ಹೂಡುವವರು, ತಾವು ಯಾವ ಆಚಾರವನ್ನೂ ಪಾಲಿಸದೇ ಇರಬಹುದು. ಈ ವ್ಯತ್ಯಾಸ ಹೇಳದೆ ಪಾಠ ಶುರು ಮಾಡಿದರೆ ಹಯೆಕ್ ಬಂದಾಗ ಇಡೀ ತರಗತಿ ಗೊಂದಲಕ್ಕೆ ಬೀಳುತ್ತದೆ.

ನಂಟು ಖಂಡಿತ ಇದೆ. ಅದನ್ನು ಅವರ ಕಾರ್ಯಕ್ರಮಗಳಲ್ಲಿ ಹುಡುಕಿದರೆ ಸಿಗದು, ಬದಲಾವಣೆಯನ್ನು ಅವರು ಅಳೆಯುವ ಬಗೆಯಲ್ಲಿ ಸಿಗುತ್ತದೆ. ಒಬ್ಬ ಮನುಷ್ಯನ ಅಥವಾ ಒಂದು ತಲೆಮಾರಿನ ಬುದ್ಧಿಗೆ ಮಿತಿ ಇದೆ. ಬಹುಕಾಲ ಬಾಳಿದ ಸಂಸ್ಥೆಯೊಳಗೆ ಯಾರೂ ಬರೆದಿಡದ ತಿಳಿವಳಿಕೆ ಕೂಡಿಕೊಂಡಿರುತ್ತದೆ. ಹಾಗಾಗಿ ಸಾಬೀತು ಮಾಡುವ ಹೊಣೆ ಬದಲಾಯಿಸಲು ಹೊರಟವರದು, ಉಳಿಸಿಕೊಳ್ಳುವವರದಲ್ಲ. ಬರ್ಕ್ 1790ರಲ್ಲಿ ಫ್ರೆಂಚ್ ಕ್ರಾಂತಿಯ ವಿರುದ್ಧ ಬರೆದದ್ದರ ತಿರುಳು ಇದು. ಅದೇ ಬರ್ಕ್ ಅಮೆರಿಕದ ವಸಾಹತುಗಳ ಅಹವಾಲಿನ ಪರ ನಿಂತರು, ವಾರನ್ ಹೇಸ್ಟಿಂಗ್ಸ್ ಮೇಲಿನ ಮಹಾಭಿಯೋಗವನ್ನು ವರ್ಷಗಟ್ಟಲೆ ಮುನ್ನಡೆಸಿದರು. ಬದಲಾಗುವ ದಾರಿಯೇ ಇಲ್ಲದ ರಾಜ್ಯ ಉಳಿಯುವ ದಾರಿಯನ್ನೂ ಕಳೆದುಕೊಳ್ಳುತ್ತದೆ ಎಂದವರೂ ಅವರೇ. ಅವರನ್ನು 'ಬದಲಾವಣೆಯ ವಿರೋಧಿ' ಅಂತ ಬೋರ್ಡಿನ ಮೇಲೆ ಬರೆಯಬೇಡಿ.

ಹಯೆಕ್ ಈ ನಂಟಿನಲ್ಲಿ ಅರ್ಧ ಮಾತ್ರ ಇದ್ದಾರೆ. ಯಾರೊಬ್ಬರ ಬಳಿಯೂ ಪೂರ್ತಿ ಇರದೆ ಜನರ ನಡುವೆ ಚದುರಿದ ತಿಳಿವಳಿಕೆಯ ಬಗ್ಗೆ ಅವರ ವಾದ ಬರ್ಕ್‌ಗೆ ತೀರ ಹತ್ತಿರ. ಆದರೆ ತಾವು ಕನ್ಸರ್ವೇಟಿವ್ ಅಲ್ಲ ಅಂತಲೇ 1960ರಲ್ಲಿ ಒಂದು ಪ್ರಬಂಧ ಬರೆದರು. ಸಂಪ್ರದಾಯವಾದಿ ವೇಗ ತಗ್ಗಿಸಬಲ್ಲನೇ ಹೊರತು ದಿಕ್ಕು ತೋರಿಸಲಾರ ಅನ್ನುವುದು ಅವರ ಆಕ್ಷೇಪ. ಓಕ್‌ಷಾಟ್ ಅತ್ತಲಿಂದ ಹಯೆಕ್‌ಗೆ ಚುಚ್ಚಿದ್ದು ಇನ್ನೂ ಹರಿತವಾಗಿದೆ: ಎಲ್ಲ ಯೋಜನೆಗಳನ್ನೂ ತಡೆಯುವ ಯೋಜನೆ ಅದರ ಎದುರಾಳಿಗಿಂತ ಮೇಲಿರಬಹುದು, ಆದರೆ ಅದೂ ಅದೇ ಶೈಲಿಯ ರಾಜಕೀಯ. ಈ ಎರಡು ಆಕ್ಷೇಪಗಳನ್ನು ಅಕ್ಕಪಕ್ಕ ಇಟ್ಟರೆ ಅರ್ಧ ಪಾಠ ಮುಗಿದಂತೆ.

ಮಸೂದೆ_ಮತ

ಉದಾಹರಣೆಗೆ ಬ್ರಿಟನ್‌ನ ಭಾನುವಾರದ ಅಂಗಡಿ ಮಸೂದೆ ತೆಗೆದುಕೊಳ್ಳಿ. ಇದಕ್ಕಿಂತ ಸ್ಪಷ್ಟವಾದದ್ದು ಸಿಗುವುದು ಕಷ್ಟ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಭಾನುವಾರ ಏನನ್ನು ಮಾರಬಹುದು, ಏನನ್ನು ಮಾರಬಾರದು ಅನ್ನುವುದನ್ನು 1950ರ ಅಂಗಡಿ ಕಾಯ್ದೆ ನಿಗದಿ ಮಾಡಿತ್ತು. ಪಟ್ಟಿಯಲ್ಲಿ ತಲೆಬುಡ ಇರಲಿಲ್ಲ, ಅಂಗಡಿಗಳು ರಾಜಾರೋಷವಾಗಿ ಮುರಿಯುತ್ತಿದ್ದವು. ನಿರ್ಬಂಧಗಳನ್ನು ಪೂರ್ತಿ ತೆಗೆಯಿರಿ ಎಂದು ಆಲ್ಡ್ ಸಮಿತಿ 1984ರಲ್ಲಿ ಶಿಫಾರಸು ಮಾಡಿತು. ಥ್ಯಾಚರ್‌ರ ಕನ್ಸರ್ವೇಟಿವ್ ಪಕ್ಷದ ಸರ್ಕಾರ ಮಸೂದೆ ತಂದಿತು. 1983ರ ಚುನಾವಣೆಯಲ್ಲಿ ಉಳಿದೆಲ್ಲರಿಗಿಂತ ಅವರಿಗೆ 144 ಸ್ಥಾನ ಹೆಚ್ಚು ಸಿಕ್ಕಿದ್ದವು. ಆದರೂ 1986ರ ಏಪ್ರಿಲ್ 14ರಂದು ಎರಡನೇ ವಾಚನದಲ್ಲೇ ಮಸೂದೆ 282–296 ಮತಗಳಿಂದ ಬಿತ್ತು. ಸ್ವಪಕ್ಷದ 72 ಸಂಸದರು ವಿರುದ್ಧ ಮತ ಹಾಕಿದ್ದರು. ಚರ್ಚುಗಳೂ ಅಂಗಡಿ ನೌಕರರ ಯೂನಿಯನ್ನೂ ಒಂದೇ ಕಡೆ ನಿಂತಿದ್ದವು.

ತರಗತಿಯಲ್ಲಿ ನಿಧಾನಿಸಬೇಕಾದ ಜಾಗ ಇದು. ಎರಡೂ ಕಡೆಯ ವಾದ ಅಪ್ಪಟ ಸಂಪ್ರದಾಯವಾದಿ ವಾದವೇ. ಜನ ಪಾಲಿಸದ ಕಾನೂನು ಪುಸ್ತಕದಲ್ಲಿ ಉಳಿದರೆ ಕಾನೂನಿನ ಮೇಲಿನ ಗೌರವವೇ ಹೋಗುತ್ತದೆ, ಬಾಗಿಲು ಯಾವಾಗ ತೆರೆಯಬೇಕೆಂದು ವ್ಯಾಪಾರಿಗೆ ಸರ್ಕಾರ ಹೇಳಬೇಕಿಲ್ಲ ಅನ್ನುವುದು ಸರ್ಕಾರದ ಪಾಳಯದ ವಾದ. ಬಂಡೆದ್ದವರ ವಾದ ಇದಕ್ಕಿಂತ ಸೂಕ್ಷ್ಮ. ಎಲ್ಲರಿಗೂ ಒಂದೇ ದಿನ ಬಿಡುವು ಅನ್ನುವುದನ್ನು ಯಾರೂ ಒಬ್ಬೊಬ್ಬರಾಗಿ ಆರಿಸಿಕೊಳ್ಳಲಾರರು. ಎದುರುಗಡೆ ಅಂಗಡಿ ತೆರೆದರೆ ಇವರೂ ತೆರೆಯಲೇಬೇಕು, ನೌಕರರೂ ಬರಲೇಬೇಕು. ಆಗ 'ಆಯ್ಕೆ' ಅನ್ನುವುದು ಹೆಸರಿಗೆ ಮಾತ್ರ. ಹಾಗಾಗಿ ಆ ದಿನವನ್ನು ಕಾಯ್ದೆಯೇ ಕಾಯಬೇಕು.

1994ರಲ್ಲಿ ಆದ ರಾಜಿಯ ಅಳತೆಗಳನ್ನೂ ಹೇಳಿ. 280 ಚದರ ಮೀಟರ್ ಮೀರಿದ ಅಂಗಡಿ ಭಾನುವಾರ ಬೆಳಗ್ಗೆ 10ರಿಂದ ಸಂಜೆ 6ರ ನಡುವೆ ಸತತ 6 ಗಂಟೆ ಮಾತ್ರ ತೆರೆಯಬಹುದು, ಈಸ್ಟರ್ ಭಾನುವಾರ ಮುಚ್ಚಿರಬೇಕು. ಸಣ್ಣ ಅಂಗಡಿಗೆ ತಡೆ ಇಲ್ಲ. 2016ರಲ್ಲಿ ಇದೇ ಪಕ್ಷದ ಸರ್ಕಾರ ಈ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಡಲು ಹೋಗಿ 286–317ರಿಂದ ಮತ್ತೆ ಸೋತಿತು. ಮೂವತ್ತು ವರ್ಷವಾದರೂ ಬಿರುಕು ಅದೇ ಜಾಗದಲ್ಲಿತ್ತು.

ಮೂರುಕಾಲು

ಅಮೆರಿಕವನ್ನು ಬಿಟ್ಟರೆ ಚಿತ್ರ ಪೂರ್ತಿಯಾಗುವುದಿಲ್ಲ. ಅಲ್ಲಿ ಒಡಕನ್ನು ಮುಚ್ಚಲು ಸಿದ್ಧಾಂತವನ್ನೇ ಕಟ್ಟಿದರು. 1955ರಲ್ಲಿ ಬಕ್ಲೀ ಶುರು ಮಾಡಿದ 'ನ್ಯಾಷನಲ್ ರಿವ್ಯೂ' ಪತ್ರಿಕೆಯ ಸುತ್ತ ಮುಕ್ತ ಮಾರುಕಟ್ಟೆಯವರು, ಪರಂಪರೆಯವರು, ಕಮ್ಯುನಿಸ್ಟ್ ವಿರೋಧಿಗಳು ಮೂವರೂ ಸೇರಿದರು. ಇವರನ್ನು ಬೆಸೆಯುವ ಸೂತ್ರ ಕೊಟ್ಟವರು ಫ್ರಾಂಕ್ ಮೇಯರ್. ಬಲವಂತದಿಂದ ಬಂದ ಸದ್ಗುಣ ಸದ್ಗುಣವೇ ಅಲ್ಲ, ಆದ್ದರಿಂದ ರಾಜ್ಯದ ಕೆಲಸ ಸ್ವಾತಂತ್ರ್ಯ ಕಾಯುವುದು, ಸ್ವತಂತ್ರ ಮನುಷ್ಯನ ಕೆಲಸ ಪರಂಪರೆ ಕಲಿಸಿದ ಸದ್ಗುಣವನ್ನು ಅರಸುವುದು. ಇದಕ್ಕೆ 'ಫ್ಯೂಷನಿಸಂ' ಅಂತ ಹೆಸರಿಟ್ಟವರು ಅದನ್ನು ಒಪ್ಪದ ಬ್ರೆಂಟ್ ಬೋಜೆಲ್. ಕರ್ಕ್‌ಗೂ ಇದು ಹಿಡಿಸಲಿಲ್ಲ. ಸಮುದಾಯದಿಂದ ಬಿಡಿಸಿ ತೆಗೆದ ಒಂಟಿ ವ್ಯಕ್ತಿಯಿಂದ ಶುರುವಾಗುವ ಚಿಂತನೆ ಪರಂಪರೆಗೆ ಹೇಗೆ ತಲುಪೀತು ಅನ್ನುವುದು ಆ ಪಾಳಯದ ತಕರಾರು, ನನಗೆ ಅದು ಸರಿಯೆನಿಸುತ್ತದೆ.

ಕಾಗದದ ಮೇಲೆ ಕೂಡದ ಸೂತ್ರ ಕಣದಲ್ಲಿ ಕೂಡಿತು. ಸೋವಿಯತ್ ಒಕ್ಕೂಟ ಮೂವರಿಗೂ ಶತ್ರು: ಆಸ್ತಿಯ ಶತ್ರು, ದೇವರ ಶತ್ರು, ದೇಶದ ಶತ್ರು. ರೇಗನ್ ಗೆದ್ದದ್ದು ಈ ಮೂವರ ಕೂಟದ ಬಲದಿಂದ. ಗರಿಷ್ಠ ಆದಾಯ ತೆರಿಗೆ ದರ 70%ರಿಂದ 1981ರ ಕಾಯ್ದೆಯಲ್ಲಿ 50%ಕ್ಕೆ, 1986ರ ಕಾಯ್ದೆಯಲ್ಲಿ 28%ಕ್ಕೆ ಇಳಿಯಿತು, ರಕ್ಷಣಾ ವೆಚ್ಚ ಏರಿತು. 1991ರಲ್ಲಿ ಶತ್ರು ಹೋದ. ಆಮೇಲೆ ಎತ್ತು ಏರಿಗೆ, ಕೋಣ ನೀರಿಗೆ. 1992ರಲ್ಲೇ ರಿಪಬ್ಲಿಕನ್ ಪಕ್ಷದ ಬುಕಾನನ್ ಸ್ವಪಕ್ಷದವರೇ ಆದ ಅಮೆರಿಕದ ಅಧ್ಯಕ್ಷರ ಎದುರು ವಲಸೆ ಮತ್ತು ವ್ಯಾಪಾರದ ವಿಷಯ ಹಿಡಿದು ಸ್ಪರ್ಧಿಸಿದರು. 2003ರ ಇರಾಕ್ ಯುದ್ಧವನ್ನು ನವಸಂಪ್ರದಾಯವಾದಿಗಳು ಬೆಂಬಲಿಸಿದರು, ಬುಕಾನನ್ ವಿರೋಧಿಸಿದರು. 2018ರಲ್ಲಿ ರಿಪಬ್ಲಿಕನ್ ಅಧ್ಯಕ್ಷರೇ ಆಮದು ಉಕ್ಕಿಗೆ 25%, ಅಲ್ಯೂಮಿನಿಯಂಗೆ 10% ಸುಂಕ ಹಾಕಿದರು.

'ನವ' ಅಂದ ಮಾತ್ರಕ್ಕೆ ಅವರನ್ನು ಹೊಸ ತಲೆಮಾರಿನ ಸಂಪ್ರದಾಯವಾದಿಗಳು ಅಂದುಕೊಳ್ಳುವುದು ಸಾಮಾನ್ಯ ತಪ್ಪು. ಕ್ರಿಸ್ಟಲ್ ಮತ್ತು ಡೇನಿಯಲ್ ಬೆಲ್ 1965ರಲ್ಲಿ ಪತ್ರಿಕೆ ತಂದಾಗ ಅವರು ಎಡದಿಂದ ಬಂದವರು. ಕಲ್ಯಾಣ ರಾಜ್ಯವೇ ಬೇಡ ಅಂತ ಅವರು ಹೇಳಲಿಲ್ಲ, ಯಾವ ಯೋಜನೆ ಏಕೆ ಕೈಕೊಡುತ್ತದೆ ಅಂತ ಲೆಕ್ಕ ಹಾಕುತ್ತಿದ್ದರು.

ಅಡಿಟಿಪ್ಪಣಿ

ಮೂರುಕಾಲು ಅವರೇ, ಒಂದು ತಿದ್ದುಪಡಿ. ಶತ್ರು ಹೋದ ಮೇಲೆ ಬಿರುಕು ಬಿಟ್ಟಿತು ಅನ್ನುವುದು ಅಮೆರಿಕದ ಮಟ್ಟಿಗೆ ಸರಿ, ಆದರೆ ವ್ಯಾಪಾರದ ಮೇಲಿನ ಜಗಳ ಶೀತಲ ಸಮರಕ್ಕಿಂತ ನೂರು ವರ್ಷ ಹಳೆಯದು. ಹೊರಗಿನ ಧಾನ್ಯದ ಮೇಲಿನ ಸುಂಕವನ್ನು ಬ್ರಿಟನ್‌ನ ಕನ್ಸರ್ವೇಟಿವ್ ಪ್ರಧಾನಿ ಪೀಲ್ 1846ರಲ್ಲಿ ತೆಗೆದಾಗ ಅವರದೇ ಪಕ್ಷದ ಮೂರರಲ್ಲಿ ಎರಡು ಪಾಲು ಸದಸ್ಯರು ವಿರುದ್ಧ ನಿಂತರು. ಮಸೂದೆ ಪಾಸಾದದ್ದು ಎದುರು ಪಕ್ಷದ ಮತಗಳಿಂದ. ಪಕ್ಷ ಇಬ್ಭಾಗವಾಯಿತು, ಮತ್ತೆ ಸ್ಪಷ್ಟ ಬಹುಮತ ಸಿಕ್ಕಿದ್ದು 1874ರಲ್ಲಿ. ಪೀಲ್‌ರನ್ನು ಕೆಳಗಿಳಿಸಿದ ಡಿಸ್ರೇಲಿ ಆರೇ ವರ್ಷದಲ್ಲಿ ಸುಂಕದ ಬೇಡಿಕೆಯನ್ನು ಕೈಬಿಟ್ಟರು. 1903ರಲ್ಲಿ ಜೋಸೆಫ್ ಚೇಂಬರ್ಲೇನ್ ಅದನ್ನೇ ಮತ್ತೆ ಎತ್ತಿದರು, ಮುಂದಿನ ವರ್ಷ ಚರ್ಚಿಲ್ ಪಕ್ಷ ಬಿಟ್ಟರು, 1906ರಲ್ಲಿ ಪಕ್ಷ ನೆಲಕಚ್ಚಿತು. ಮಾರುಕಟ್ಟೆ ತಾನೇ ಹಳೆಯದನ್ನೆಲ್ಲ ಅಲುಗಾಡಿಸುವ ಶಕ್ತಿ ಆದ್ದರಿಂದ, ಅದನ್ನು ಕಾಯಬೇಕೋ ಅದರಿಂದ ಕಾಯಬೇಕೋ ಅನ್ನುವ ಪ್ರಶ್ನೆ ಈ ಚಿಂತನೆಯ ಹೊಟ್ಟೆಯಲ್ಲೇ ಇದೆ.

ಕಡತ_ಓದು

ತುಂಬಾ ಉಪಕಾರವಾಯಿತು. ಕೊನೆಯದೊಂದು: ಹೆಸರು ಮುಚ್ಚಿ ಒಂದು ಬರಹ ಕೊಟ್ಟರೆ, ಬರೆದವರು ಯಾವ ಪಾಳಯದವರು ಅಂತ ವಿದ್ಯಾರ್ಥಿಗಳು ಗುರುತಿಸುವುದು ಹೇಗೆ?

ಮಸೂದೆ_ಮತ

ಏನನ್ನು ಉಳಿಸಲು ಹೊರಟಿದ್ದಾರೆ ಅಂತ ಮೊದಲು ಗೆರೆ ಹಾಕಿಸಿ: ವ್ಯಕ್ತಿಯ ಹಕ್ಕೋ, ಕುಟುಂಬ-ಊರೋ, ರಾಷ್ಟ್ರವೋ, ಧರ್ಮವೋ. ಆಮೇಲೆ ಕೇಡು ಯಾರಿಂದ ಬರುತ್ತಿದೆ ಅನ್ನುತ್ತಾರೆ ನೋಡಿ: ಸರ್ಕಾರದಿಂದಲೋ ಮಾರುಕಟ್ಟೆಯಿಂದಲೋ. ಈ ಎರಡರಲ್ಲೇ ಬಹುಪಾಲು ತಿಳಿಯುತ್ತದೆ. ಮೂರನೆಯದಾಗಿ, ಈಗಾಗಲೇ ಕಳೆದುಹೋದದ್ದನ್ನು ಮರಳಿ ತರಬೇಕು ಅನ್ನುತ್ತಾರೆಯೇ? ಹೌದಾದರೆ ಅವರು ಬರ್ಕ್‌ನಿಂದ ದೂರ, ಫ್ರೆಂಚ್ ಕ್ರಾಂತಿ ಕೆಡವಿದ್ದನ್ನು ಮರಳಿ ಸ್ಥಾಪಿಸಬೇಕೆಂದ ಚಿಂತಕ ದ ಮೇಸ್ತ್ರ್‌ಗೆ ಹತ್ತಿರ.

ನಿಲುವನ್ನಷ್ಟೇ ನೋಡಿ ಗುರುತಿಸಲು ಬಿಡಬೇಡಿ, ಅಲ್ಲೇ ಎಡವುತ್ತಾರೆ. ಸಲಿಂಗ ವಿವಾಹದ ಮಸೂದೆಯನ್ನು ಅಭ್ಯಾಸಕ್ಕೆ ಕೊಡಿ. ತಾನು ಕನ್ಸರ್ವೇಟಿವ್ ಆಗಿರುವುದರಿಂದಲೇ ಇದನ್ನು ಬೆಂಬಲಿಸುತ್ತೇನೆ ಅಂತ ಆಗಿನ ಬ್ರಿಟನ್ ಪ್ರಧಾನಿ ಕ್ಯಾಮರಾನ್ 2011ರಲ್ಲಿ ಪಕ್ಷದ ಸಮ್ಮೇಳನದಲ್ಲಿ ಹೇಳಿದರು: ಜನ ಒಬ್ಬರಿಗೊಬ್ಬರು ಮಾತು ಕೊಟ್ಟು ಬದ್ಧರಾದರೆ ಸಮಾಜ ಗಟ್ಟಿಯಾಗುತ್ತದೆ ಅನ್ನುವುದು ಅವರ ಆಧಾರ. 2013ರ ಫೆಬ್ರವರಿಯ ಮತದಾನದಲ್ಲಿ ಮಸೂದೆ 400–175ರಿಂದ ಗೆದ್ದಿತು, ಆದರೆ ಅವರ ಪಕ್ಷದಲ್ಲಿ ಪರ ಹಾಕಿದವರಿಗಿಂತ ವಿರುದ್ಧ ಹಾಕಿದವರೇ ಹೆಚ್ಚು. ವಿರುದ್ಧ ಹಾಕಿದವರೂ ಹೇಳಿದ್ದು ಮದುವೆ ಎಂಬ ಸಂಸ್ಥೆಯನ್ನು ಉಳಿಸಬೇಕು ಅಂತಲೇ.