ಬೀಜದಿಂದ ಬಂದ ಸೇಬಿನ ಗಿಡ, ಹೊಸ ತಳಿ ಅನ್ನಬಹುದಾ? ಅನುಭವ ಇದ್ದವರು ಹೇಳಿ

ಅರಸೀಕೆರೆಯಿಂದ:
ತೆಂಗಿನ ತೋಟದ ಬದಿಯಲ್ಲಿ ಅನ್ನಾ, ಡಾರ್ಸೆಟ್ ಗೋಲ್ಡನ್ ಸೇಬು ಹಾಕಿದ್ದೆ. ಅನ್ನಾ ಹಣ್ಣಿನ ಬೀಜದಿಂದ ಎಬ್ಬಿಸಿದ ಗಿಡಗಳಲ್ಲಿ ಒಂದು ಈ ಬೇಸಿಗೆಯಲ್ಲಿ ಹಣ್ಣು ಬಿಟ್ಟಿದೆ. ಸ್ವಲ್ಪ ಚಪ್ಪಟೆ, ಗಟ್ಟಿ, ಅನ್ನಾ ಥರ ಬೇಗ ಮೆತ್ತಗಾಗುವುದಿಲ್ಲ. ನರ್ಸರಿಯವರೊಬ್ಬರು ಹೆಸರಿಟ್ಟು ಸಸಿ ಮಾರೋಣ ಅನ್ನುತ್ತಿದ್ದಾರೆ. ಇದು ಹೊಸ ತಳಿನಾ? ವಿವರ ಹೇಗೆ ಬರೆಯಬೇಕು?

ಚಿಕ್ಕಮಗಳೂರಿನಿಂದ, ಕಾಫಿ ಬೆಳೆಗಾರ:
ಹೊಸ ಗಿಡ ಹೌದು ಸಾರ್, ತಳಿ ಇನ್ನೂ ಆಗಿಲ್ಲ. ನಮ್ಮ ಕಾಫಿಯವರಿಗೆ ಇದು ಬೇಗ ತಲೆಗೆ ಹೋಗುವುದಿಲ್ಲ. ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ, ಅದರ ಎಸ್.795 ಅನ್ನುವ ತಳಿಯ ಬೀಜ ಪಾತಿಗೆ ಹಾಕಿದರೆ ಹೆಚ್ಚುಕಮ್ಮಿ ಅದೇ ಗಿಡ ಬರುತ್ತದೆ. ಸೇಬಿಗೆ ಸಾಮಾನ್ಯವಾಗಿ ಬೇರೆ ತಳಿಯ ಪರಾಗ ಬೇಕು, ಒಂದೇ ಹಣ್ಣಿನ ಬೀಜಗಳೂ ಒಂದೊಂದು ಥರ. ಬಹುಪಾಲು ಸುಮಾರಾದವೇ, ಅಪರೂಪಕ್ಕೆ ಒಂದು ಚೆನ್ನಾಗಿರುತ್ತದೆ. ನಿಮ್ಮ ಡಾರ್ಸೆಟ್ ಗೋಲ್ಡನ್ ಬಹಾಮಾಸ್‌ನಲ್ಲಿ ಹೀಗೇ ಬೀಜದಿಂದ ಎದ್ದದ್ದು. ಎಚ್‌ಆರ್‌ಎಂಎನ್-99 ಅನ್ನುವ ಸೇಬಿನ ತಳಿ ಕೂಡ ಅಷ್ಟೇ, ಹಿಮಾಚಲದ ಬಿಲಾಸಪುರದಲ್ಲಿ ಹರಿಮನ್ ಶರ್ಮಾ ಅವರ ಹಿತ್ತಲಿನದು. ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ವಾ.

ಈಗ ಆ ಗಿಡದ ಕಡ್ಡಿ ತೆಗೆದು ಎಂಎಂ111 ಬೇರಿನ (ಕಸಿಗೆ ಬುಡವಾಗಿ ಬಳಸುವ ಸೇಬಿನ ಗಿಡ) ಮೇಲೆ ಕಸಿ ಕಟ್ಟಿಸಿ. ಅನ್ನಾವನ್ನೂ ಅದೇ ಬೇರಿಗೆ ಕಟ್ಟಿಸಿ ಪಕ್ಕದಲ್ಲೇ ನೆಡಿ. ಬೇರು ಬದಲಾದರೆ ಗಿಡದ ಎತ್ತರ, ಹಣ್ಣಿನ ಗಾತ್ರ ಎಲ್ಲ ಬದಲಾಗುತ್ತದೆ, ಆಮೇಲೆ ಯಾವುದು ತಳಿಯ ಗುಣ, ಯಾವುದು ಬೇರಿನದು ಅಂತ ತಲೆಬಿಸಿ. ಕಸಿ ಗಿಡಗಳೆಲ್ಲ ಒಂದೇ ಥರ ಹಣ್ಣು ಬಿಟ್ಟರೆ ಆಗ ತಳಿ ಅನ್ನಿ. ಮಲೆನಾಡಿನಲ್ಲೂ ಒಂದೆರಡು ನೆಡಿಸಿ ನೋಡಿ. ಅರಸೀಕೆರೆ ಒಣ ಹವೆಯಲ್ಲಿ ಚೊಕ್ಕವಾಗಿರುವ ಎಲೆ ನಮ್ಮ ಜುಲೈ ಮಳೆಗೆ ಚುಕ್ಕೆ ಬಿದ್ದು ಉದುರಿಹೋಗಬಹುದು.

ಸಕಲೇಶಪುರದಿಂದ:
ವಿವರದ ಬಗ್ಗೆ ನಾನು ಹೇಳುತ್ತೇನೆ. ಕೆಂಪು, ಸಿಹಿ, ರುಚಿ ಅಂತ ಬರೆದರೆ ಸಂತೆಯ ಸೇಬೆಲ್ಲ ಅದೇ. ಹಣ್ಣು ಕೈಯಲ್ಲಿ ಹಿಡಿದು ತೊಟ್ಟಿನಿಂದ ಶುರು ಮಾಡಿ. ತೊಟ್ಟು ಗುಳಿ ದಾಟಿ ಹೊರಗೆ ಬರುತ್ತದಾ, ಗುಳಿಯ ಸುತ್ತ ಕಂದು ಒರಟು ಸಿಪ್ಪೆ ಇದೆಯಾ, ಕೆಳಗಿನ ಕಣ್ಣು (ಹೂವಿನ ಒಣಗಿದ ಎಸಳು ಉಳಿದ ಗುಳಿ) ಮುಚ್ಚಿದೆಯಾ ತೆರೆದಿದೆಯಾ, ಅದರ ಸುತ್ತ ಏಣು ಎದ್ದಿವೆಯಾ. ಅಡಿಬಣ್ಣ ಬೇರೆ ಬರೆಯಿರಿ, ಮೇಲಿನ ಕೆಂಪು ಬೇರೆ. ಕೆಂಪು ಗೆರೆಗೆರೆಯಾಗಿದೆಯೋ ಬಳಿದ ಹಾಗಿದೆಯೋ ಅದೂ ಮುಖ್ಯ. ಆದರೆ ಬಣ್ಣವನ್ನೇ ಜಾಸ್ತಿ ನಂಬಬೇಡಿ, ರಾತ್ರಿ ಸೆಕೆ ಇದ್ದರೆ ಸೇಬಿಗೆ ಕೆಂಪು ಸರಿಯಾಗಿ ಹತ್ತುವುದಿಲ್ಲ.

ಬೇಗ ಮೆತ್ತಗಾಗುವುದಿಲ್ಲ ಅಂದಿರಲ್ಲ, ಸ್ವಲ್ಪ ಕಾಯಿ ಇರುವಾಗಲೇ ಕಿತ್ತಿರಬಹುದು. ಅಡ್ಡ ಕೊಯ್ದು ಟಿಂಚರ್ ಅಯೋಡಿನ್ ಹಚ್ಚಿ. ಪೂರ್ತಿ ಕಪ್ಪಾದರೆ ಪಿಷ್ಟ ಇನ್ನೂ ಇದೆ, ಕಾಯಿ. ಬೀಜದ ಸುತ್ತಲಿಂದ ಬಿಳುಪು ಹರಡಿದ್ದರೆ ಹಣ್ಣಾಗುತ್ತಿದೆ. ಅನ್ನಾ ಕೂಡ ಅದೇ ಹಂತದಲ್ಲಿ ಕಿತ್ತು, ಎರಡನ್ನೂ ಒಂದೇ ಬುಟ್ಟಿಯಲ್ಲಿಟ್ಟು ಹೋಲಿಸಿ. ಇನ್ನೊಂದು, ನಮ್ಮಲ್ಲಿ ಚಳಿ ಸಾಲದೆ ಎಲೆ ಕಿತ್ತು ಹೂ ಬರಿಸುತ್ತೇವೆ. ಹಾಗಾಗಿ ಹೂ ಬಿಟ್ಟ ತಾರೀಕು ಒಂದನ್ನೇ ಬರೆದರೆ ಪ್ರಯೋಜನ ಇಲ್ಲ, ಎಲೆ ಕಿತ್ತ ದಿನದಿಂದ ಎಣಿಸಿ.

ಹಾಸನದಿಂದ:
ಮಾರುವ ಮುಂಚೆ ತಳಿಯ ನೋಂದಣಿ ಯೋಚಿಸಿ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಇದೆ, ಮರದ ಬೆಳೆಗೆ 18 ವರ್ಷ ರಕ್ಷಣೆ ಸಿಗುತ್ತದೆ. ಬೇರೆ ತಳಿಗಿಂತ ಭಿನ್ನ, ಗಿಡದಿಂದ ಗಿಡಕ್ಕೆ ಒಂದೇ, ವರ್ಷ ಕಳೆದರೂ ಬದಲಾಗದ ಗುಣ, ಈ ಮೂರನ್ನು ನೋಡುತ್ತಾರೆ. ಹೊಸ ತಳಿ ಅಂತ ಅರ್ಜಿ ಹಾಕುವುದಾದರೆ ಇಲ್ಲಿ ಮಾರಾಟ ಶುರುವಾಗಿ ಒಂದು ವರ್ಷ ದಾಟಿರಬಾರದು. ಬರೀ ಅಂಕಿಯ ಹೆಸರೂ ನಡೆಯುವುದಿಲ್ಲ. ನೋಂದಣಿ ಮಾಡುವ ಪ್ರಾಧಿಕಾರದ ಶಾಖಾ ಕಚೇರಿ ಶಿವಮೊಗ್ಗದಲ್ಲೇ ಇದೆ. ನರ್ಸರಿಯವರಿಗೆ ಸುಮ್ನೆ ಬಾಯಿಮಾತಲ್ಲಿ ಕಡ್ಡಿ ಕೊಡಬೇಡಿ, ಬೇರೆ ಹೆಸರಲ್ಲಿ ನಿಮಗೇ ಮಾರಿಯಾರು.

ಅರಸೀಕೆರೆಯಿಂದ:
ಸರಿ, ಕಡ್ಡಿ ಕೊಡುವುದಿಲ್ಲ. ಚಳಿಗಾಲಕ್ಕೆ ಕಸಿ ಕಟ್ಟಿಸುತ್ತೇನೆ. ಚಿಕ್ಕಮಗಳೂರಿನವರೇ, ನಿಮ್ಮ ತೋಟದಲ್ಲಿ ಒಂದೆರಡು ಗಿಡಕ್ಕೆ ಬಿಸಿಲು ಬೀಳುವ ಜಾಗ ಇದೆಯಾ?