ಜಿರಳೆ ಔಷಧಿ ಹೊಡೆಸ್ಬೇಕು, ಮನೇಲಿ ಬೆಕ್ಕು, ಕೋಳಿ, ಲವ್‌ಬರ್ಡ್ಸ್ ಇವೆ

ಬಸವೇಶ್ವರನಗರದಿಂದ:
ಶನಿವಾರ ಪೆಸ್ಟ್ ಕಂಟ್ರೋಲ್‌ನವರು ಬರ್ತಾರೆ. ಸೈಪರ್‌ಮೆಥ್ರಿನ್ ಅಂತೆ. "ಹೂವಿಂದ ಮಾಡಿದ್ದು ಮೇಡಂ, ಏನೂ ಆಗಲ್ಲ" ಅಂದ್ರು. ಒಳಗೆ ಒಂದು ಬೆಕ್ಕು, ಬಾಲ್ಕನೀಲಿ ಎರಡು ಜೊತೆ ಲವ್‌ಬರ್ಡ್ಸ್, ಟೆರೇಸಲ್ಲಿ ನಮ್ಮತ್ತೆಯ ಮೂರು ನಾಟಿ ಕೋಳಿ. ಸತ್ತ ಜಿರಳೆ ಕೋಳಿ ತಿಂದ್ರೆ? ಆ ಮೊಟ್ಟೆ ನಾವು ತಿನ್ನಬಹುದಾ?

ವಿಜಯನಗರದಿಂದ:
ಮೀನಿನ ತೊಟ್ಟಿ ಇದ್ಯಾ? ಇದ್ರೆ ಮೊದಲು ಅದನ್ನ ಆಚೆ ಸಾಗಿಸಿ. ನಾವು ಟವೆಲ್ ಮುಚ್ಚಿದ್ವಿ, ಗಾಳಿ ಪಂಪು ಆರಿಸೋದು ಮರೆತ್ವಿ. ಬೆಳಗ್ಗೆ ಒಂದೂ ಉಳಿದಿರಲಿಲ್ಲ.

ಜಯನಗರದಿಂದ:
ಬೆಕ್ಕಿನ ವಿಷಯ ಹುಷಾರು ಅಕ್ಕ. ನಮ್ಮ ನಾಯಿ ಬೆನ್ನಿಗೆ ಉಣ್ಣೆಗೆ ಅಂತ ಪರ್ಮೆಥ್ರಿನ್ ಡ್ರಾಪ್ಸ್ ಹಾಕಿದ್ವಿ. ನಾಯಿ ಆರಾಮಾಗಿತ್ತು. ಅದರ ಪಕ್ಕ ಮಲಗಿದ್ದ ಬೆಕ್ಕಿಗೆ ರಾತ್ರಿ ಕಿವಿ, ಕಾಲು ಅದುರೋಕೆ ಶುರು, ಆಮೇಲೆ ಫಿಟ್ಸ್. ಡಾಕ್ಟರು ಫೋನಲ್ಲೇ ಪಾತ್ರೆ ತೊಳೆಯೋ ಸೋಪು, ಉಗುರುಬೆಚ್ಚಗಿನ ನೀರಲ್ಲಿ ತೊಳೆದು ತಕ್ಷಣ ಕರ್ಕೊಂಡು ಬನ್ನಿ ಅಂದ್ರು. ಎರಡು ದಿನ ಅಲ್ಲೇ ಇತ್ತು, ಬದುಕ್ತು. ಡಬ್ಬಿ ಮೇಲೆ 'ನಾಯಿಗೆ ಮಾತ್ರ' ಅಂತ ಸಣ್ಣಕ್ಷರದಲ್ಲಿತ್ತು, ಓದಿರಲಿಲ್ಲ.

ಹೆಬ್ಬಾಳದಿಂದ (ನಿವೃತ್ತ ಪಶುವೈದ್ಯ):
ಹೂವಿನ ಕತೆ ಅರ್ಧ ನಿಜ. ಸೇವಂತಿಗೆ ಬಳಗದ ಒಂದು ಹೂವಲ್ಲಿ ಪೈರೆಥ್ರಿನ್ ಇರುತ್ತೆ, ಬಿಸಿಲಿಗೆ ಬೇಗ ಹಾಳಾಗುತ್ತೆ. ಅದನ್ನ ನೋಡಿಕೊಂಡು, ಬಿಸಿಲಿಗೆ ಬಗ್ಗದ ಪರ್ಮೆಥ್ರಿನ್ ಅನ್ನು 1973ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮೈಕೆಲ್ ಎಲಿಯಟ್ ತಂಡ ತಯಾರಿಸಿತು. ಸೈಪರ್‌ಮೆಥ್ರಿನ್ ಅದರ ತಮ್ಮ.

ಜಿರಳೆಯ ನರಗಳಲ್ಲಿ ಸೋಡಿಯಂ ಒಳಗೆ ಬಿಡೋ ಬಾಗಿಲು ಮುಚ್ಚದ ಹಾಗೆ ಮಾಡೋದು ಇದರ ಕೆಲಸ. ನಮಗೂ ಅದೇ ಬಾಗಿಲುಗಳಿವೆ. ಆದರೆ ನಮ್ಮ ಲಿವರ್‌ನಲ್ಲಿ ಎಸ್ಟರೇಸ್ ಅನ್ನೋ ಕಿಣ್ವಗಳು ಈ ಅಣುವನ್ನ ನಡುವೆ ಕತ್ತರಿಸಿ ಎರಡು ತುಂಡು ಮಾಡ್ತವೆ. ಇನ್ನೊಂದು ಗುಂಪಿನ ಕಿಣ್ವಗಳು ಅದಕ್ಕೆ ಆಮ್ಲಜನಕ ಸೇರಿಸ್ತವೆ. ಆಮೇಲೆ ಗ್ಲುಕುರಾನಿಕ್ ಆಮ್ಲವೋ ಸಲ್ಫೇಟೋ ಅಂಟಿ ನೀರಲ್ಲಿ ಕರಗೋ ಹಾಗಾಗಿ, ಬಹುಪಾಲು ಕೆಲವೇ ದಿನಗಳಲ್ಲಿ ಮೂತ್ರ, ಮಲದಲ್ಲಿ ಹೊರಗೆ. ಬೆಕ್ಕಿಗೆ ಈ ಗ್ಲುಕುರಾನಿಕ್ ಅಂಟಿಸೋ ಶಕ್ತಿಯೇ ಕಮ್ಮಿ. ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ ಆಗೋದಕ್ಕೂ ಇದು ದೊಡ್ಡ ಕಾರಣ.

ಹಕ್ಕಿಗಳದ್ದೂ ಹೆಚ್ಚುಕಮ್ಮಿ ಇದೇ ದಾರಿ, ಎಲ್ಲಾ ಹಿಕ್ಕೆ ಜೊತೆ ಹೋಗುತ್ತೆ. ಮಲ್ಲಾರ್ಡ್ ಬಾತುಕೋಳಿಗೆ ಕೆಜಿ ತೂಕಕ್ಕೆ 9,000 ಮಿಲಿಗ್ರಾಂ ಮೀರಿ ಪರ್ಮೆಥ್ರಿನ್ ತಿನ್ನಿಸಿದರೂ ಅರ್ಧದಷ್ಟು ಸಾಯಲಿಲ್ಲ. ಹಾಗಾಗಿ ಒಂದೆರಡು ಜಿರಳೆ ಕೋಳಿಗೆ ಲೆಕ್ಕಕ್ಕಿಲ್ಲ. ಮೊಟ್ಟೆಗೆ ಬರೋದು ಅಲ್ಪ, ಕೊಬ್ಬಲ್ಲಿ ಕರಗೋದ್ರಿಂದ ಬಂದ ಅಷ್ಟೂ ಹೆಚ್ಚಾಗಿ ಹಳದಿಯಲ್ಲಿ. ಆದ್ರೂ ಅಂದು ಕೋಳಿ ಗೂಡಲ್ಲೇ ಇರಲಿ, ಗುಡಿಸಿದ ಮೇಲೆ ಬಿಡಿ. ಲವ್‌ಬರ್ಡ್ಸ್ ಬೇರೆ ಮನೆಗೆ ಸಾಗಿಸಿ. ಅವಕ್ಕೆ ತಿನ್ನೋದಕ್ಕಿಂತ ಉಸಿರಲ್ಲಿ ಹೋಗೋ ಸ್ಪ್ರೇ ಹನಿ, ಸಾಲ್ವೆಂಟ್ ವಾಸನೆಯೇ ತೊಂದರೆ.

ಇಷ್ಟೂ ಹೇಳಿದ್ದು ಬರೀ ಸೈಪರ್‌ಮೆಥ್ರಿನ್ ಆದರೆ. ಮೇಡಂ, ಡಬ್ಬದ ಮೇಲೆ ಜೊತೆಗೆ ಕ್ಲೋರ್‌ಪೈರಿಫಾಸ್ ಅನ್ನೋ ಇನ್ನೊಂದು ಕೀಟನಾಶಕದ ಹೆಸರು ಇದೆಯಾ ಕೇಳಿ. ಎರಡೂ ಸೇರಿಸಿದ್ದು ಹೊಲಕ್ಕೆ ಹೊಡೆಯೋ ಜೋಡಿ ಔಷಧಿ. ನಾನು ಹೇಳಿದೆನಲ್ಲ, ಕತ್ತರಿಸೋ ಕಿಣ್ವ, ಅದನ್ನೇ ಕ್ಲೋರ್‌ಪೈರಿಫಾಸ್ ಕಟ್ಟಿಹಾಕುತ್ತೆ. ಜೊತೆಗೆ ಅದು ಹಕ್ಕಿಗಳಿಗೆ ನೇರವಾಗಿಯೇ ವಿಷ. ಆಗ ಬಾತುಕೋಳಿ ಲೆಕ್ಕ ಮರೆತುಬಿಡಿ.

ಕೆಂಗೇರಿಯಿಂದ:
ಸಾರ್, ಎರಡು ವರ್ಷ ನಮ್ಮ ಫಾರಂನಲ್ಲಿ ಕೋಳಿ ಹೇನಿಗೆ ಖಾಲಿ ಶೆಡ್‌ಗೆ ಯಾವ ಡಬ್ಬ ಸಿಕ್ತೋ ಅದನ್ನ ಹೊಡೀತಿದ್ದೆ. ಇವತ್ತು ಹೋಗಿ ಲೇಬಲ್ ನೋಡ್ತೀನಿ.

ಬಸವೇಶ್ವರನಗರದಿಂದ:
ಫೋನ್ ಮಾಡಿ ಡಬ್ಬದ ಫೋಟೊ ಕಳಿಸಿ ಅಂದೆ. ಬೈಕೊಂಡೇ ಕಳಿಸಿದ್ರು. ಕ್ಲೋರ್‌ಪೈರಿಫಾಸ್ 50%, ಸೈಪರ್‌ಮೆಥ್ರಿನ್ 5%. ಶನಿವಾರದ್ದು ಕ್ಯಾನ್ಸಲ್ ಮಾಡ್ದೆ. ಸದ್ಯಕ್ಕೆ ಅಡುಗೆಮನೆ ಕಪಾಟಿನ ಸಂದಿಗೆ ಜೆಲ್ ಸಾಕು. ಅತ್ತೆ ಕೋಳಿ ಕಟ್ಟೋಕೆ ತಂದಿದ್ದ ಹಗ್ಗ ವಾಪಸ್ ಒಳಗಿಟ್ರು.