ಎಕೋ ನಾರ್ಮಲ್ ಇದೆ, ಆದರೂ ಅಪ್ಪಾಜಿ ಮಂಕಾಗಿದ್ದಾರೆ, ಯಾಕೆ?

ಪ್ರಶ್ನೆ (ದಾವಣಗೆರೆ):
ಬೇಸಿಗೆಯಲ್ಲಿ ಅಪ್ಪಾಜಿಗೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದರು. ಮೊನ್ನೆ ಎಕೋದಲ್ಲಿ (ಹೃದಯದ ಸ್ಕ್ಯಾನ್) ಪಂಪಿಂಗ್, ಅಂದರೆ ಒಂದೊಂದು ಬಡಿತಕ್ಕೆ ಹೃದಯ ಹೊರಗೆ ತಳ್ಳುವ ರಕ್ತದ ಪಾಲು, ಶೇಕಡಾ 55 ಬಂತು, ಆರಾಮಾಗಿ ಓಡಾಡಿ ಅಂದರು ಡಾಕ್ಟರ್. ಇವರು ಓಡಾಡಿದರೆ ತಾನೆ? ದಿನಾ ಕುಂದುವಾಡ ಕೆರೆ ಸುತ್ತಿ, ಅಡಿಕೆ ರೇಟಿಂದ ಹಿಡಿದು ರಾಜಕೀಯದವರೆಗೆ ಎಲ್ಲ ಮಾತಾಡಿ ಮುಗಿಸಿಕೊಂಡು ಬರುತ್ತಿದ್ದ ಮನುಷ್ಯ ಈಗ ಗೇಟು ದಾಟುವುದಿಲ್ಲ. ಟಿವಿ ಮುಂದೆ ಕೂರುತ್ತಾರೆ, ಮಕ್ಕಳು ಕಾರ್ಟೂನ್ ಹಾಕಿದರೂ ಸುಮ್ನೆ ಅದನ್ನೇ ನೋಡುತ್ತಾರೆ. ರಾತ್ರಿ ಎದ್ದು ಕೂರುತ್ತಾರೆ. ನಾಲ್ಕು ಮೆಟ್ಟಿಲು ಹತ್ತಿದರೆ ಸುಸ್ತು. ಮಾತ್ರೆ ಕೊಟ್ಟರೆ "ಇನ್ನೇನಿದೆ ಬಿಡು" ಅಂತಾರೆ. ಅಮ್ಮ ದೃಷ್ಟಿ ತೆಗೆದಿದ್ದೂ ಆಯ್ತು. ಹಾರ್ಟ್ ಸರಿ ಇದ್ದ ಮೇಲೆ ಈ ಸುಸ್ತು ಎಲ್ಲಿಂದ?

ಉತ್ತರ 1 (ಚಿತ್ರದುರ್ಗ, ನರ್ಸ್):
ಅಣ್ಣಾ, ಇದು ಡಿಪ್ರೆಷನ್, ಅಂದರೆ ಖಿನ್ನತೆ ಇರಬಹುದು. ಅಟ್ಯಾಕ್ ಆದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಬರುತ್ತದೆ, ಅಪರೂಪ ಏನಲ್ಲ. ಅಮೆರಿಕದಲ್ಲಿ 1,024 ಹೃದ್ರೋಗಿಗಳನ್ನು ನೋಡಿದ ಅಧ್ಯಯನವೊಂದು 2003ರಲ್ಲಿ ಬಂತು. ಎದೆನೋವು, ಓಡಾಡುವುದಕ್ಕೆ ಆಗದಿರುವುದು, ಒಟ್ಟಾರೆ ಬದುಕು ಹೇಗನಿಸುತ್ತಿದೆ ಅನ್ನೋದು, ಇದೆಲ್ಲ ಡಿಪ್ರೆಷನ್ ಜೊತೆ ಹೊಂದಿಕೊಂಡಿತ್ತು, ಪಂಪಿಂಗ್ ನಂಬರಿನ ಜೊತೆ ಅಲ್ಲ. ನಾವು ಮನೆಯವರು ಮಾತ್ರ ಆ ನಂಬರನ್ನೇ ಹಿಡಿದುಕೊಂಡು ಕೂರುತ್ತೇವೆ.
ಎರಡು ಮಾತು ಕೇಳಿ ನೋಡಿ. ಎರಡು ವಾರದಿಂದ ಮನಸ್ಸು ಕುಗ್ಗಿದೆಯಾ? ಮುಂಚೆ ಇಷ್ಟ ಇದ್ದ ಕೆಲಸದಲ್ಲಿ ಆಸಕ್ತಿ ಹೋಗಿದೆಯಾ? ಹೌದು ಅಂದರೆ ಡಾಕ್ಟರಿಗೆ ಹೇಳಲೇಬೇಕು. ಹಾಗಂತ ಎದೆನೋವು, ಉಬ್ಬಸ ಹೊಸದಾಗಿ ಬಂದರೆ ಮನಸ್ಸಿನದ್ದು ಅಂತ ಬಿಡಬೇಡಿ, ತಕ್ಷಣ ಆಸ್ಪತ್ರೆ.

ಉತ್ತರ 2:
ಎಲ್ಲದಕ್ಕೂ ಡಿಪ್ರೆಷನ್ ಅನ್ನೋದು ಈಗಿನ ಫ್ಯಾಷನ್. ಮನಸ್ಸು ಗಟ್ಟಿ ಮಾಡಿಕೊಳ್ಳಲಿ. ಮೊದಲೇ ಕೈತುಂಬ ಮಾತ್ರೆ, ಅದರ ಮೇಲೆ ಇನ್ನೊಂದಾ?

ಉತ್ತರ 3 (ಹರಿಹರ):
ಮೇಲಿನ ಸರ್‌ಗೆ: ಗಟ್ಟಿ ಮಾಡಿಕೊಳ್ಳುವ ಶಕ್ತಿಯನ್ನೇ ಅಲ್ವಾ ಈ ಕಾಯಿಲೆ ಕಿತ್ತುಕೊಳ್ಳೋದು? ಮನಸ್ಸಿಲ್ಲದವರು ವಾಕಿಂಗೂ ಬಿಡುತ್ತಾರೆ, ಬಿಪಿ ಮಾತ್ರೆನೂ ಬಿಡುತ್ತಾರೆ, ಆಮೇಲೆ ಹಾರ್ಟೇ ಕೆಡುತ್ತದೆ. ಮಾತ್ರೆ ವಿಷಯ ಕೇಳಿದ್ದು ಸರಿ. ಖಿನ್ನತೆಯ ಕೆಲವು ಹಳೇ ಮಾತ್ರೆ ಹೃದ್ರೋಗಿಗಳಿಗೆ ಆಗಿಬರುವುದಿಲ್ಲ. ಸರ್ಟ್ರಾಲಿನ್ ಅನ್ನೋ ಖಿನ್ನತೆಯ ಮಾತ್ರೆಯನ್ನು ಅಟ್ಯಾಕ್ ಆದವರಿಗೇ ಕೊಟ್ಟು ನೋಡಿದ್ದಾರೆ, 2002ರ ಅಧ್ಯಯನ, ಹೃದಯಕ್ಕೆ ತೊಂದರೆ ಕಾಣಲಿಲ್ಲ. ಆಸ್ಪಿರಿನ್ ತಗೊಳ್ಳೋರಿಗೆ ರಕ್ತಸ್ರಾವ ಸ್ವಲ್ಪ ಜಾಸ್ತಿ ಆಗಬಹುದು, ಅದಕ್ಕೇ ಎಲ್ಲ ಚೀಟಿ ತೋರಿಸಿ ಕೇಳಬೇಕು. ಚಿಕಿತ್ಸೆಯಿಂದ ಆಯಸ್ಸು ಹೆಚ್ಚುತ್ತದೆ ಅಂತ ನಾನು ಹೇಳುವುದಿಲ್ಲ. ಆಪ್ತಸಮಾಲೋಚನೆ ಕೊಟ್ಟು ನೋಡಿದ ದೊಡ್ಡ ಅಧ್ಯಯನದಲ್ಲಿ ಖಿನ್ನತೆ ಇಳಿಯಿತು, ಸಾವಿನ ಪ್ರಮಾಣ ಇಳಿಯಲಿಲ್ಲ. ಆದರೆ ಇರುವಷ್ಟು ದಿನ ಕಾರ್ಟೂನ್ ನೋಡುತ್ತಾ ಕೂರುವುದಕ್ಕಿಂತ ಮೇಲಲ್ವಾ?

ಪ್ರಶ್ನೆ ಕೇಳಿದವರು:
ಮನೋವೈದ್ಯರು ಅಂದರೆ ಸಾಕು, ನಂಗೇನು ಹುಚ್ಚಾ ಅಂತ ರೇಗುತ್ತಾರೆ. ಏನು ಮಾಡಲಿ?

ಉತ್ತರ 1:
ನಿದ್ದೆಗೆ ತೋರಿಸೋಣ ಅನ್ನಿ, ಬರುತ್ತಾರೆ. ಇಲ್ಲಾಂದರೆ ನೀವೇ 14416ಗೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಆ "ಇನ್ನೇನಿದೆ ಬಿಡು" ಅನ್ನೋ ಮಾತನ್ನು ಮಾತ್ರ ಹಗುರವಾಗಿ ತಗೋಬೇಡಿ, ಸಾಯೋ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳಿ. ಕೇಳಿದರೆ ಜಾಸ್ತಿ ಆಗುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ ಕರೆದುಕೊಂಡು ಹೋಗಿ.